ಇನ್ನು ಮುಂದೆ ನಿಮ್ಮ ಕಡತಗಳ ಪ್ರತಿ ನಿಮ್ಮ ಮನೆಯಲ್ಲೇ ಇರಲಿ

ಮಾನ್ಯ ಗ್ರಾಹಕರೇ,

ರಿಪೇರಿಗೆ ಬಂದ ಕಂಪ್ಯೂಟರಿನ ಫೋಟೊ, ಕಡತಗಳನ್ನು ನಮ್ಮ ಅಂಗಡಿಯ ಡಿಸ್ಕ್‌ಗೆ ಉಚಿತವಾಗಿ ನಕಲು ಮಾಡಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಿದ್ದ ರೂಢಿಯನ್ನು ಬರುವ ತಿಂಗಳ 1ರಿಂದ ನಿಲ್ಲಿಸುತ್ತಿದ್ದೇವೆ. ಇನ್ನು ಫಾರ್ಮ್ಯಾಟ್ (ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು) ಮಾಡಿಸುವವರು ತಮ್ಮದೇ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತರಬೇಕು. ಅದಕ್ಕೆ ನಕಲು ಮಾಡಿ, ಕಡತಗಳನ್ನು ನಿಮ್ಮೆದುರೇ ತೆರೆದು ತೋರಿಸಿ, ಮುಂದೆ ತಾನಾಗಿಯೇ ಬ್ಯಾಕಪ್ (ಕಡತಗಳ ಇನ್ನೊಂದು ಪ್ರತಿ) ಆಗುವಂತೆ ಹೊಂದಿಸಿಕೊಡಲು ತೆರಿಗೆ ಸೇರಿ 350 ರೂಪಾಯಿ ಪಡೆಯುತ್ತೇವೆ.

ಕಳೆದ ಮಳೆಗಾಲದಲ್ಲಿ ನಮ್ಮ ಡಿಸ್ಕ್ ಒಂದು ಬೆಳಿಗ್ಗೆ ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಹೋದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಅದರಲ್ಲಿ ಮೇಷ್ಟ್ರೊಬ್ಬರು ವರ್ಷಗಳಿಂದ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದ ಪ್ರಶ್ನೆಪತ್ರಿಕೆಗಳಿದ್ದವು. ಬೇರೆಲ್ಲೂ ಅವುಗಳ ಪ್ರತಿ ಇರಲಿಲ್ಲ. ಎರಡನೆಯ ಪ್ರತಿ ಇಡದಿದ್ದುದು ನಮ್ಮ ತಪ್ಪು, ಅದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ಸತ್ತ ಡಿಸ್ಕಿನಿಂದ ಡೇಟಾ ತೆಗೆಯಲು ಬೆಂಗಳೂರಿನ ಲ್ಯಾಬ್ ಕೇಳಿದ ಸಾವಿರಾರು ರೂಪಾಯಿಯನ್ನು ನಾವೇ ನಿಗದಿ ಮಾಡಿದೆವೆಂಬ ಮಾತು ನಮಗೆ ನೋವು ತಂದಿದೆ. ಆ ಹಣದಲ್ಲಿ ಒಂದು ಪೈಸೆಯೂ ನಮಗೆ ಬರುವುದಿಲ್ಲ. ಡಿಸ್ಕಿನ ಬೆಲೆಯೂ ನಮ್ಮ ಕೈಯಲ್ಲಿಲ್ಲ, ಅದರ ಮೇಲಿನ ಶೇ 18 ಜಿಎಸ್‌ಟಿಯೂ ಇಲ್ಲ. ಹಳೆಯ ಲ್ಯಾಪ್‌ಟಾಪಿನಿಂದ 300 ಜಿಬಿ ಫೋಟೊ ಎತ್ತಲು ಅರ್ಧ ದಿನ ಮೇಜು ಹಿಡಿದುಕೊಳ್ಳುತ್ತದೆ. ಇಷ್ಟು ವರ್ಷ ಆ ಕೆಲಸಕ್ಕೆ ನಾವು ಬಿಲ್ಲನ್ನೇ ಬರೆದಿರಲಿಲ್ಲ.

“ಎಲ್ಲ ಡಿ ಡ್ರೈವ್‌ನಲ್ಲಿದೆ, ಫೋಟೊ ಗೂಗಲ್‌ನಲ್ಲಿದೆ, ಡಿಸ್ಕ್ ಮಾರಲು ಇದೆಲ್ಲ ಹೂಡಿದ್ದೀರಿ” ಎಂಬ ಮಾತನ್ನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇವೆ. ಬಹುತೇಕ ಮನೆಗಳ ಕಂಪ್ಯೂಟರಿನಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳು; ವಿಂಡೋಸ್ ಕೆಟ್ಟರೆ ಡಿ ಉಳಿಯುತ್ತದೆ, ಡಿಸ್ಕೇ ಕೆಟ್ಟರೆ ಎರಡೂ ಹೋಗುತ್ತವೆ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೊ ಮೂರೂ ಹಂಚಿಕೊಳ್ಳಬೇಕು. 2021ರ ಜೂನ್‌ನಿಂದ ಗಾತ್ರ ಕುಗ್ಗಿಸಿದ ಫೋಟೊಗಳೂ ಆ ಲೆಕ್ಕಕ್ಕೆ ಸೇರುತ್ತಿವೆ. ಜಾಗ ತುಂಬಿದ ಮೇಲೆ ಹೊಸ ಫೋಟೊ ಮೇಲೇರುವುದು ನಿಂತಿರುತ್ತದೆ, ಎಷ್ಟೋ ಜನರಿಗೆ ಅದು ನಮ್ಮ ಮೇಜಿನ ಮುಂದೆ ಕುಳಿತಾಗಲೇ ತಿಳಿಯುತ್ತದೆ. ಮೇಲಾಗಿ, ಸಿಂಕ್ (ಕಂಪ್ಯೂಟರ್, ಗೂಗಲ್ ಎರಡರಲ್ಲೂ ಒಂದೇ ರೀತಿ ಇರುವಂತೆ ಹೊಂದಿಸುವುದು) ಎಂಬುದು ಬ್ಯಾಕಪ್ ಅಲ್ಲ: ಕಂಪ್ಯೂಟರಿನಲ್ಲಿ ಮಗು ಅಳಿಸಿದ ಫೋಲ್ಡರ್ ಗೂಗಲ್ ಡ್ರೈವ್‌ನಿಂದಲೂ ಅಳಿಯುತ್ತದೆ, ಅಲ್ಲಿನ ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಉಳಿಯುತ್ತದೆ. ಕ್ಲೌಡ್ (ಗೂಗಲ್‌ನಂಥ ಅಂತರ್ಜಾಲದ ಜಾಗ) ಬೇಡವೆನ್ನುತ್ತಿಲ್ಲ, ಅದೊಂದನ್ನೇ ನಂಬಬೇಡಿ ಎನ್ನುತ್ತಿದ್ದೇವೆ. ಡಿಸ್ಕನ್ನು ನಮ್ಮಲ್ಲೇ ಕೊಳ್ಳಬೇಕೆಂದೂ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಡಿಸ್ಕಿಗೂ ಅದೇ 350 ರೂಪಾಯಿ.

ನಾವು ಹೊಂದಿಸಿಕೊಡುವ ಕ್ರಮ ಸರಳವಾಗಿದೆ. ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ ಎಂಬ ಬ್ಯಾಕಪ್ ಸೌಲಭ್ಯಕ್ಕೆ ನಿಮ್ಮ ಡಿ ಡ್ರೈವಿನ ಫೋಲ್ಡರುಗಳನ್ನೂ ಸೇರಿಸುತ್ತೇವೆ, ಏಕೆಂದರೆ ತಾನಾಗಿ ಅದು ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಾರಕ್ಕೊಮ್ಮೆ ಡಿಸ್ಕ್ ಚುಚ್ಚಿ, ಬ್ಯಾಕಪ್ ಮುಗಿದ ಮೇಲೆ ಬಿಚ್ಚಿ ಬೀರುವಿನಲ್ಲಿಡಿ. ಚುಚ್ಚಿಯೇ ಇಟ್ಟ ಡಿಸ್ಕಿಗೂ ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬೀಗ ಹಾಕಿಬಿಡುತ್ತದೆ. ಅನುಕೂಲವಿದ್ದವರು ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿ ಅಣ್ಣನ ಮನೆಯಲ್ಲೋ ತವರಿನಲ್ಲೋ ಇಟ್ಟರೆ ಕಳ್ಳತನ, ಬೆಂಕಿಗಳ ಭಯವೂ ಇರದು.

ನಮ್ಮ ಬಳಿ ಉಳಿದಿರುವ ಹಳೆಯ ಪ್ರತಿಗಳು ಈ ತಿಂಗಳ ಕೊನೆಯವರೆಗೆ ಸುರಕ್ಷಿತವಾಗಿರುತ್ತವೆ, ಅವುಗಳಿಗೆ ಈಗ ಎರಡನೆಯ ಪ್ರತಿಯೂ ಇದೆ. ಡಿಸ್ಕ್ ಅಥವಾ ಪೆನ್‌ಡ್ರೈವ್ ತಂದರೆ ಶುಲ್ಕವಿಲ್ಲದೆ ತುಂಬಿಸಿಕೊಟ್ಟು, ನಮ್ಮಲ್ಲಿರುವುದನ್ನು ನಿಮ್ಮ ಕಣ್ಣೆದುರೇ ಅಳಿಸುತ್ತೇವೆ. ಬರಲಾಗದ ಹಿರಿಯರು ಫೋನ್ ಮಾಡಿದರೆ ಭಾನುವಾರ ನಾವೇ ಮನೆಗೆ ಬರುತ್ತೇವೆ.

ಇಂತಿ,
ನಿಮ್ಮ ಕಂಪ್ಯೂಟರ್ ಅಂಗಡಿಯವರು