ಕಟ್ಟು ಹೊರುವವರು

ಊರಿಂದ ನೆಂಟರು ಬಂದರೆ ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತೇವೆ. ಹ್ಯಾರಿ ಪಾಟರ್ ಕಥೆಯ ಒಂಬತ್ತೂ ಮುಕ್ಕಾಲನೇ ಪ್ಲಾಟ್‌ಫಾರ್ಮಿನ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್. ಅಲ್ಲೇ ಹತ್ತಿರ, ಕ್ಯಾಲೆಡೋನಿಯನ್ ರಸ್ತೆಯ 5ನೇ ನಂಬರಿನಲ್ಲಿ, ಹೌಸ್‌ಮನ್ಸ್ ಎಂಬ ಪುಸ್ತಕದಂಗಡಿ ಇದೆ. 1959ರಿಂದಲೂ ಅಲ್ಲೇ. ಶಾಂತಿವಾದಿ ಪಾದ್ರಿಯೊಬ್ಬರು ಕೊಟ್ಟ ಹಣದಿಂದ ಕೊಂಡ ಆ ಕಟ್ಟಡದಲ್ಲೇ 'ಪೀಸ್ ನ್ಯೂಸ್' ಪತ್ರಿಕೆಯೂ ಬಿಡಾರ ಹೂಡಿತು.

ಈ ಪತ್ರಿಕೆಯನ್ನು 1936ರಲ್ಲಿ ಹಂಫ್ರಿ ಮೂರ್ ಎಂಬ ಪತ್ರಕರ್ತ ಗೆಳೆಯರ ಜೊತೆ ಶುರು ಮಾಡಿದರು. ಯುದ್ಧ ಬೇಡ ಎನ್ನುವುದೇ ಅದರ ಮಾತು. 1940ರಲ್ಲಿ ಮುದ್ರಕರು ಅಚ್ಚು ಹಾಕೋದಿಲ್ಲ ಅಂದರು. ಸಗಟು ವಿತರಕರೂ ಕೈಬಿಟ್ಟರು. ಆಗ ಓದುಗರೇ ಕಟ್ಟು ಹೊತ್ತು, ಬೀದಿಯಲ್ಲಿ ನಿಂತು ಮಾರಿದರು. ದೇಶವಿಡೀ ಯುದ್ಧದ ಗುಂಗಿನಲ್ಲಿದ್ದಾಗ 'ಯುದ್ಧ ಬೇಡ' ಅಂತ ಪೇಪರ್ ಮಾರುವುದು! ಬೈಗುಳ ತಿನ್ನದೆ ಮನೆಗೆ ಹೋದವರು ಕಡಿಮೆಯೇ ಇರಬೇಕು. ಹಿಟ್ಲರನ ಎದುರು ಆಯುಧ ಹಿಡಿಯಬಾರದು ಎಂಬ ಅವರ ವಾದವನ್ನು ನಾನಂತೂ ಒಪ್ಪುವುದಿಲ್ಲ. ಅವರ ಗಟ್ಟಿತನಕ್ಕೆ ಮಾತ್ರ ನಮಸ್ಕಾರ.

ನಮಗೆ ಹತ್ತಿರದ ಸಂಗತಿ ಇನ್ನೊಂದಿದೆ. 1952ರ ಜನವರಿಯಲ್ಲಿ 'ಆಪರೇಷನ್ ಗಾಂಧಿ' ಎಂಬ ಗುಂಪಿನ 11 ಜನ ಲಂಡನ್ನಿನ ಯುದ್ಧ ಇಲಾಖೆಯ ಮುಂದೆ ಧರಣಿ ಕೂತು ಬಂಧನಕ್ಕೊಳಗಾದರು. ಗುಂಪು ಕಟ್ಟಿದವರಲ್ಲಿ ಮುಖ್ಯರಾದ ಹ್ಯೂ ಬ್ರಾಕ್ ಮುಂದೆ ಈ ಪತ್ರಿಕೆಯ ಸಂಪಾದಕರಾದರು. 1930ರಲ್ಲಿ ನಮ್ಮ ಅಂಕೋಲೆಯವರು ಉಪ್ಪಿಗಾಗಿ ಹಿಡಿದ ದಾರಿಯನ್ನೇ ಇವರು ಅಣುಬಾಂಬಿನ ವಿರುದ್ಧ ಹಿಡಿದರು, ಅಲ್ವಾ? 1958ರಲ್ಲಿ ಬ್ರಿಟನ್ನಿನ ಅಣ್ವಸ್ತ್ರ ಕೇಂದ್ರವಿರುವ ಆಲ್ಡರ್‌ಮಾಸ್ಟನ್‌ಗೆ ನಾಲ್ಕು ದಿನದ ಕಾಲ್ನಡಿಗೆಯ ತಯಾರಿ ನಡೆದದ್ದೂ ಪತ್ರಿಕೆಯ ಆಗಿನ ಕಚೇರಿಯಲ್ಲೇ. ಆ ನಡಿಗೆಗೆಂದು ಜೆರಾಲ್ಡ್ ಹೋಲ್ಟಮ್ ಒಂದು ಗುರುತು ಬರೆದುಕೊಟ್ಟರು. ವೃತ್ತ, ಒಳಗೆ ಮೂರು ಗೆರೆ. ಇವತ್ತು ನಮ್ಮ ಮಕ್ಕಳ ಟೀಶರ್ಟಿನ ಮೇಲಿರುವ ಶಾಂತಿ ಚಿಹ್ನೆ ಅದೇ.

ಇಂಥ ಪತ್ರಿಕೆಗಳ ಬಗ್ಗೆ ಹೇಳುವಾಗ ಬರೆದವರ ಹೆಸರು ಬರುತ್ತದೆ. ಮಡಚಿದವರು, ವಿಳಾಸ ಅಂಟಿಸಿದವರು, ಚಂದಾ ಕೇಳಲು ಬಾಗಿಲು ತಟ್ಟಿದವರು ಎಲ್ಲೂ ಸಿಗುವುದಿಲ್ಲ. ನನ್ನ ಲೆಕ್ಕದಲ್ಲಿ ಪತ್ರಿಕೆ ಉಳಿಯುವುದು ಅವರಿಂದಲೇ. ನಮ್ಮ ಸುದ್ದಿಪತ್ರದಲ್ಲೂ ಬರೆಯುವವರಿಗೆ ಬರವಿಲ್ಲ. ಯುಗಾದಿ ಕವನಗಳಂತೂ ಬೇಕಾದ್ದಕ್ಕಿಂತ ಜಾಸ್ತಿ. ಕವಿಗಳು ಮುನಿಸಿಕೊಳ್ಳಬಾರದು.

ಮುಂದಿನ ಸಂಚಿಕೆಯನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಡಲು ಇನ್ನಿಬ್ಬರು ಬೇಕು. ಕಾರಿದ್ದವರಾದರೆ ಒಳ್ಳೆಯದು. ಕಾಫಿ, ಕೋಡುಬಳೆ ನಮ್ಮ ಕಡೆಯಿಂದ.