ವ್ಯಾಟ್ ಲೆಕ್ಕ ಬಿಡಿ, ಕೇಳಿ ನೋಡಿ ಸ್ಪೀಕರ್ ತಗೊಳ್ಳಿ

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದೇ ತಡ, ನಮ್ಮ ಬಡಾವಣೆಯಲ್ಲಿ ಯಾರ ಮನೆಗೆ ಹೋದರೂ ಗೋಡೆ ತುಂಬ ಟಿವಿ. ಸಂತೋಷ. ಆದರೆ ಟಿವಿ ಅಗಲವಾಗುತ್ತಾ ಹೋದ ಹಾಗೆ ಅದರ ದನಿ ಸೊರಗುತ್ತಾ ಹೋಗಿದೆ. ಬೆರಳು ದಪ್ಪದ ಪೆಟ್ಟಿಗೆಯಲ್ಲಿ ಸ್ಪೀಕರಿಗೆ ಜಾಗ ಎಲ್ಲಿಂದ ಬರಬೇಕು? ಎಷ್ಟೋ ಟಿವಿಗಳಲ್ಲಿ ಸ್ಪೀಕರ್ ಕೆಳಗೋ ಹಿಂದಕ್ಕೋ ಮುಖ ಮಾಡಿಕೊಂಡಿರುತ್ತದೆ. ಕನ್ನಡ ಸಿನಿಮಾವನ್ನೇ ಸಬ್‌ಟೈಟಲ್ ಹಾಕಿಕೊಂಡು ನೋಡುವ ಸ್ಥಿತಿ. ಆಮೇಲೆ ಜನ ಅಂಗಡಿಗೆ ಓಡುತ್ತಾರೆ. ಅಲ್ಲಿ ದಪ್ಪಕ್ಷರದಲ್ಲಿ ‘1000 ವ್ಯಾಟ್’ ಎಂದು ಬರೆದ ಡಬ್ಬಿ ಕಾಯುತ್ತಿರುತ್ತದೆ. ಹಬ್ಬ ಬಂದರೆ ಪತ್ರಿಕೆಗಳ ತುಂಬ ಅದರದ್ದೇ ಜಾಹೀರಾತು, ನಿಮ್ಮದರಲ್ಲೂ. ಅದಕ್ಕೇ ಈ ಪತ್ರ.

ಮೈಸೂರಿನ ಬಹಳ ಮನೆಗಳ ಶೋಕೇಸಿನಲ್ಲಿ ಹಳೆಯ ರಿಸೀವರೋ (ಶಬ್ದ ಜೋರು ಮಾಡಿ ಎಲ್ಲ ಸ್ಪೀಕರಿಗೂ ಹಂಚುವ ಪೆಟ್ಟಿಗೆ) ಡಿವಿಡಿ ಹೋಂ ಥಿಯೇಟರೋ ಇನ್ನೂ ಕೂತಿದೆ, ಅದರ ಮೇಲೊಂದು ಕ್ರೋಶಾ ಬಟ್ಟೆ ಬೇರೆ. ಅದನ್ನು ಉಪಯೋಗಿಸಬಹುದಾ ಎಂದು ಅಂಗಡಿಯಲ್ಲಿ ಕೇಳಿ ನೋಡಿ, ‘ಅದರಲ್ಲಿ 4ಕೆ ಬರಲ್ಲ ಸಾರ್, ಎಕ್ಸ್‌ಚೇಂಜಿಗೆ ಕೊಟ್ಬಿಡಿ’ ಅಂತಾರೆ. 4ಕೆ ಚಿತ್ರದ ವಿಷಯ, ಅದು ರಿಸೀವರಿನೊಳಗೆ ಹೋಗಲೇಬೇಕು ಎಂದೇನಿಲ್ಲ. ಸೆಟ್‌ಟಾಪ್ ಬಾಕ್ಸನ್ನೂ ಓಟಿಟಿ ಸ್ಟಿಕ್ಕನ್ನೂ ನೇರ ಟಿವಿಗೆ ಕೊಡಿ. ಟಿವಿಯ ಹಿಂದಿನ ಆಪ್ಟಿಕಲ್ ಔಟಿನಿಂದ (ಬೆಳಕಿನ ರೂಪದಲ್ಲಿ ಶಬ್ದ ಕಳಿಸುವ ಕಿಂಡಿ) ಒಂದು ಕೇಬಲ್ ರಿಸೀವರಿಗೆ ಎಳೆಯಿರಿ. ಮುಗೀತು. ಆಪ್ಟಿಕಲ್ಲಿನಲ್ಲಿ 5.1 ಡಾಲ್ಬಿ ಡಿಜಿಟಲ್, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರಿನ (ಬಾಸ್ ಸ್ಪೀಕರ್) ಶಬ್ದ, ಆರಾಮವಾಗಿ ಬರುತ್ತದೆ. ಬಾರದೇ ಇರುವುದು ಬ್ಲೂರೇ ಡಿಸ್ಕಿನ ಟ್ರೂಎಚ್‌ಡಿ ಥರದ ಇನ್ನೂ ಹೆಚ್ಚು ವಿವರದ ಶಬ್ದ, ತಲೆಯ ಮೇಲಿನಿಂದಲೂ ಕೇಳಿಸುವ ಅಟ್ಮಾಸ್ ಥರದ್ದು. ಬ್ಲೂರೇ ಪ್ಲೇಯರ್ ನಮ್ಮಲ್ಲಿ ಎಷ್ಟು ಮನೆಯಲ್ಲಿದೆ?

ಇಲ್ಲೊಂದು ಸಣ್ಣ ಕೊಕ್ಕೆ ಇದೆ. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ ಎಂದಿದ್ದರೆ ಆಪ್ಟಿಕಲ್ಲಿನಲ್ಲಿ ಬರುವುದು ಎಡ, ಬಲ ಎರಡೇ ಚಾನೆಲ್. ಹಿಂದಿನ ಸ್ಪೀಕರ್ ಮಾತಾಡುತ್ತಿಲ್ಲ, ರಿಸೀವರ್ ಕೆಟ್ಟಿದೆ ಎಂದು ಜನ ತಿಳಿದುಕೊಳ್ಳುವುದು ಹೀಗೆ. ಅದನ್ನು ‘ಬಿಟ್‌ಸ್ಟ್ರೀಮ್’ ಅಥವಾ ‘ಡಾಲ್ಬಿ ಡಿಜಿಟಲ್’ ಮಾಡಿ, ರಿಸೀವರಿನ ಡಿಸ್‌ಪ್ಲೇಯಲ್ಲಿ ಡಾಲ್ಬಿ ಹೆಸರು ಬರುತ್ತಾ ನೋಡಿ. ಬಂದರೆ ಹೊಸ ರಿಸೀವರಿಗೆ ಕೊಡಬೇಕಿದ್ದ ದುಡ್ಡು ಅಷ್ಟೂ ಸ್ಪೀಕರಿಗೆ ಉಳಿಯಿತು.

ನಮ್ಮ ಮನೆಯ ರಿಸೀವರಿನಲ್ಲಿ ಎಡಗಡೆಯ ಸ್ಪೀಕರ್ ಸಣ್ಣ ವಾಲ್ಯೂಮಿನಲ್ಲಿ ಸುಮ್ಮನಾಗಿ, ಜೋರು ಮಾಡಿದ ಕೂಡಲೇ ಬಡಕ್ಕನೆ ಎದ್ದು ಬರುತ್ತಿತ್ತು. ಊರಿನ ಒಂದು ಸರ್ವೀಸ್ ಸೆಂಟರಿನಲ್ಲಿ ಮುಚ್ಚಳವನ್ನೂ ಬಿಚ್ಚದೆ ‘ಬೋರ್ಡ್ ಹೋಗಿದೆ, ಸ್ಪೇರ್ ಸಿಗಲ್ಲ’ ಎಂದರು. ಅಗ್ರಹಾರದ ಹತ್ತಿರ ಸಣ್ಣ ಮಳಿಗೆ ಇಟ್ಟುಕೊಂಡ ಹಿರಿಯರೊಬ್ಬರು ಬಿಚ್ಚಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ರಿಲೇ (ಸ್ಪೀಕರಿಗೆ ಸಂಪರ್ಕ ಕೊಡುವ ಸ್ವಿಚ್ಚು) ತೋರಿಸಿದರು. ಅದರ ಕಾಂಟ್ಯಾಕ್ಟ್ ಕಪ್ಪಗಾಗಿತ್ತು. ಅದನ್ನು ಬದಲಾಯಿಸಿ, ವಾಲ್ಯೂಮ್ ಕಂಟ್ರೋಲಿಗೆ ಕ್ಲೀನರ್ ಹೊಡೆದು ಕೊಟ್ಟರು. ಅಷ್ಟೇ ಕೆಲಸ. ಹಳೇ ಸ್ಪೀಕರುಗಳ ಕಥೆಯೂ ಹೀಗೇ. ಕೋನಿನ (ಅದುರಿ ಶಬ್ದ ಮಾಡುವ ಬಟ್ಟಲು) ಸುತ್ತ ಇರುವ ಫೋಮ್ ಉಂಗುರ ಹತ್ತು ಹದಿನೈದು ವರ್ಷಕ್ಕೆ ಪುಡಿಪುಡಿಯಾಗಿ ಉದುರುತ್ತದೆ, ಸ್ಪೀಕರ್ ಕರಕರ ಅನ್ನುತ್ತದೆ. ಉಂಗುರ ಮಾತ್ರ ಬದಲಾಯಿಸಿ ಅಂಟಿಸಿದರೆ ಮತ್ತೆ ಹಾಡುತ್ತದೆ. ಈ ಕೆಲಸ ಬಲ್ಲವರು ಊರಿನಲ್ಲಿ ಕಮ್ಮಿಯಾಗುತ್ತಿದ್ದಾರೆ, ಅವರ ಬಗ್ಗೆ ಬರೆಯುವವರು ಯಾರೂ ಇಲ್ಲ.

ಇನ್ನು ವ್ಯಾಟ್. ಡಬ್ಬಿ ಮೇಲಿನ ಸಾವಿರಾರು ವ್ಯಾಟ್ ಬಹಳ ಸಲ ಪಿಎಂಪಿಒ ಲೆಕ್ಕ, ಅಂದರೆ ಒಂದು ಕ್ಷಣಕ್ಕಷ್ಟೇ ಬರುವ ಗರಿಷ್ಠ ಪವರ್, ಅದಕ್ಕೆ ಅರ್ಥವೇ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ಪವರ್. ಅದರಲ್ಲೂ ಜಾಸ್ತಿ ಆಸೆ ಬೇಡ. ವ್ಯಾಟ್ ಎರಡರಷ್ಟಾದರೆ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಪಟ್ಟು ಪವರ್ ಬೇಕು. ಹಾಗಾಗಿ 80 ವ್ಯಾಟಿನ ರಿಸೀವರ್ ಕೊಟ್ಟು 100 ವ್ಯಾಟಿನದು ತಂದರೆ ಸಿಗುವುದು 1 ಡೆಸಿಬೆಲ್. ಕಿವಿಗೆ ಗೊತ್ತೇ ಆಗದಷ್ಟು ವ್ಯತ್ಯಾಸಕ್ಕೆ ಅಷ್ಟು ದುಡ್ಡು! ಅದರ ಬದಲು ಸೆನ್ಸಿಟಿವಿಟಿ (ಅಷ್ಟೇ ಪವರಿಗೆ ಸ್ಪೀಕರ್ ಎಷ್ಟು ಜೋರು ಎಂಬ ಲೆಕ್ಕ) 87 ಡೆಸಿಬೆಲ್ ಇರುವ ಸ್ಪೀಕರ್ ಬಿಟ್ಟು 90 ಇರುವುದನ್ನು ತಂದರೆ ಅರ್ಧ ಪವರಿನಲ್ಲೇ ಅಷ್ಟೇ ಶಬ್ದ ಬರುತ್ತದೆ.

ಕೈಯಲ್ಲಿ 25-30 ಸಾವಿರ ಇದೆ ಅಂದುಕೊಳ್ಳಿ. ನನ್ನನ್ನು ಕೇಳಿದರೆ ಮುಂಭಾಗದ ಎಡ, ಬಲ, ನಡುವಿನ (ಸೆಂಟರ್) ಮೂರು ಸ್ಪೀಕರಿಗೇ ಹೆಚ್ಚಿನ ಪಾಲು ಹಾಕಿ. ಅದರಲ್ಲೂ ಸೆಂಟರ್ ಸ್ಪೀಕರ್. ಸಿನಿಮಾದ ಮಾತೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಬರುವುದು. ಮೂರೂ ಒಂದೇ ಕಂಪನಿಯ ಒಂದೇ ಸರಣಿಯದ್ದಾದರೆ ಒಳ್ಳೆಯದು, ಇಲ್ಲದಿದ್ದರೆ ಪಾತ್ರ ಆ ಕಡೆಯಿಂದ ಈ ಕಡೆ ನಡೆದಾಗ ಅದರ ದನಿಯೇ ಬೇರೆಯಾಗುತ್ತದೆ. ಹಿಂದಿನವಕ್ಕೆ ಹಳೆಯವೇ ಸಾಕು. ಸಬ್‌ವೂಫರ್ ಮುಂದಿನ ವರ್ಷ ನೋಡೋಣ. ರಿಸೀವರ್ ಬದಲಿಸಲೇಬೇಕು ಎಂದಾದರೆ ಒಂದೆರಡು ತಲೆಮಾರು ಹಳೆಯ ಡೆನಾನೋ ಯಮಹಾವೋ ಸೆಕೆಂಡ್‌ಹ್ಯಾಂಡ್ ತಗೊಳ್ಳಿ. ಅದರ ಜೊತೆ ಬರುವ ಪುಟ್ಟ ಮೈಕ್ ಕೇಳಿ ಇಸಕೊಳ್ಳಿ, ಅದಿಲ್ಲದೆ ರೂಮಿಗೆ ತಕ್ಕ ಹಾಗೆ ಸ್ಪೀಕರ್ ಹೊಂದಿಸುವ ಸೌಲಭ್ಯ ಕೆಲಸ ಮಾಡುವುದಿಲ್ಲ.

ಡಿವಿಡಿ ಹೋಂ ಥಿಯೇಟರಿನ ಸ್ಪೀಕರುಗಳನ್ನು ಹೊಸ ರಿಸೀವರಿಗೆ ಕೊಡುವ ಮುಂಚೆ ಮಾತ್ರ ಒಂದು ಸಲ ತಿರುಗಿಸಿ ಹಿಂದಿನ ಲೇಬಲ್ ಓದಿ. ಎಷ್ಟೋ ಸೆಟ್ಟುಗಳದ್ದು 3 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ). ಈಗಿನ ಬಹಳಷ್ಟು ರಿಸೀವರುಗಳಿಗೆ ಕಡೇ ಪಕ್ಷ 6 ಓಮ್ ಬೇಕು, ಕಡಿಮೆಯಾದರೆ ಬಿಸಿಯಾಗಿ ಪ್ರೊಟೆಕ್ಷನ್ನಿಗೆ ಹೋಗಿ ಆಫ್ ಆಗುತ್ತದೆ. ಇನ್ನು ಆ ಸೆಟ್ಟಿನ ಸಬ್‌ವೂಫರಿಗೆ ಸಾಮಾನ್ಯವಾಗಿ ತನ್ನದೇ ಆಂಪ್ಲಿಫೈಯರ್ ಇರುವುದಿಲ್ಲ. ರಿಸೀವರಿನ ‘ಸಬ್ ಔಟ್’ನಿಂದ ಬರುವುದು ಬರೀ ಸಿಗ್ನಲ್, ಪವರ್ ಅಲ್ಲ. ಜೋಡಿಸಿದರೆ ಅದು ಉಸಿರೇ ಬಿಡುವುದಿಲ್ಲ. ಇದನ್ನು ಬಿಲ್ ಮಾಡುವ ಮುಂಚೆ ಹೇಳುವ ಅಂಗಡಿಯವರು ಸಿಕ್ಕರೆ ನಿಮ್ಮ ಪುಣ್ಯ.

ಕೇಬಲ್ಲಿಗೆ ಮೀಟರಿಗೆ ಇಷ್ಟು ನೂರು ಎಂದು ಕೊಡಬೇಡಿ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಲಿನ ಉದ್ದಕ್ಕೆ ಧಾರಾಳ. ಸಿಪ್ಪೆ ಬಿಡಿಸಿ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ವಾಪಸ್ ಕೊಡಿ. ಕೆಂಪು ಕಪ್ಪು ಅದಲುಬದಲಾಗಬಾರದು, ಒಂದು ಸ್ಪೀಕರಿನಲ್ಲಿ ಅದಲುಬದಲಾದರೂ ಬಾಸ್ ಮಾಯ. ಅನುಮಾನ ಬಂದರೆ ವೈರನ್ನು ರಿಸೀವರಿನಿಂದ ಬಿಚ್ಚಿ, 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿನ ಪ್ಲಸ್ ತುದಿಯನ್ನು ಕೆಂಪಿಗೆ, ಮೈನಸ್ ತುದಿಯನ್ನು ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಕ್ಕೆ ಬಂದರೆ ಸರಿ, ಒಳಕ್ಕೆ ಹೋದರೆ ಉಲ್ಟಾ.

ಅಟ್ಮಾಸ್ ಬಗ್ಗೆಯೂ ಒಂದು ಮಾತು. ಮೇಲಕ್ಕೆ ಮುಖ ಮಾಡಿದ ಸ್ಪೀಕರ್ ಇರುವ ಸೆಟ್ಟಿಗೆ ಶಬ್ದ ವಾಪಸ್ ಪುಟಿಯಲು ಸಪಾಟಾದ ಸೂರು ಬೇಕು. ಚಾಮರಾಜಪುರಂ ಕಡೆಯ ಹಳೇ ಹೆಂಚಿನ ಮನೆಯಲ್ಲಿ ಅದು ನಡೆಯುವುದಿಲ್ಲ. ಹೊಸ ಮನೆಗಳ ತೊಂದರೆ ಇನ್ನೊಂದು, ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ, ಗಾಜಿನ ಕಿಟಕಿ, ಚಪ್ಪಾಳೆ ತಟ್ಟಿದರೆ ಹಾಲ್ ಗುಂಯ್ ಅನ್ನುತ್ತದೆ. ದಪ್ಪ ಪರದೆ, ನೆಲಕ್ಕೊಂದು ಜಮಖಾನ, ಪುಸ್ತಕದ ಕಪಾಟು, ಇಷ್ಟಿದ್ದರೆ ಮಾತು ಎಷ್ಟೋ ಬಿಡಿಬಿಡಿಯಾಗಿ ಕೇಳುತ್ತದೆ. ದುಡ್ಡು ಖರ್ಚು ಮಾಡುವ ಮುಂಚೆ ಇದನ್ನು ಮಾಡಿ ನೋಡಬಹುದಲ್ವಾ?

ಇದು 1935ರಲ್ಲೇ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿದ ಊರು. ಸಂಗೀತಕ್ಕೆ ಕಿವಿ ಕೊಟ್ಟು ಬೆಳೆದ ಊರು. ಇಲ್ಲಿ ಸ್ಪೀಕರನ್ನು ನೆಮ್ಮದಿಯಾಗಿ ಕೂತು ಕೇಳಿ ಕೊಳ್ಳುವ ಜಾಗ ಹುಡುಕಬೇಕು, ಇಲ್ಲವೇ ಬೆಂಗಳೂರಿನ ರೈಲು ಹತ್ತಬೇಕು. ಶೋರೂಮಿನಲ್ಲಿ ಕಾರು ಸಿಡಿಯುವ ಒಂದೇ ದೃಶ್ಯವನ್ನು ಕಿವಿ ಕಿತ್ತು ಹೋಗುವಷ್ಟು ಜೋರಾಗಿ ಹಾಕುತ್ತಾರೆ. ಹೋಗುವಾಗ ನಿಮಗೆ ಬಾಯಿಪಾಠವಾದ ಹಾಡೊಂದನ್ನೂ ಇಬ್ಬರು ಮೆಲ್ಲಗೆ ಮಾತಾಡುವ ಕನ್ನಡ ದೃಶ್ಯವೊಂದನ್ನೂ ಪೆನ್‌ಡ್ರೈವಿನಲ್ಲಿ ತಗೊಂಡು ಹೋಗಿ, ಅದನ್ನು ಹಾಕಿ ಎನ್ನಿ. ಮುಖ ಸಿಂಡರಿಸಿದರೆ ಸಿಂಡರಿಸಲಿ.

ಸಂಪಾದಕರಲ್ಲಿ ನನ್ನ ಕೋರಿಕೆ ಎರಡು. ಜಾಹೀರಾತಿನಲ್ಲಿ ವ್ಯಾಟ್ ಎಂದು ಹಾಕುವವರು ಅದು ಆರ್‌ಎಂಎಸ್ಸೋ ಪಿಎಂಪಿಒನೋ ಎಂದು ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕು ಎಂದು ನೀವು ಹೇಳಬಹುದು. ಮತ್ತೆ, ಮುಂದಿನ ದಸರಾ ಪುರವಣಿಯಲ್ಲಿ ಹೊಸ ಮಾಲಿನ ಪುಟಗಳ ಮಧ್ಯೆ ಅರ್ಧ ಪುಟವಾದರೂ ರಿಲೇ ಬದಲಿಸುವವರಿಗೆ, ಫೋಮ್ ಅಂಟಿಸುವವರಿಗೆ ಕೊಡಿ. ಯಾವ ಬೀದಿಯಲ್ಲಿ ಯಾರಿದ್ದಾರೆ, ಎಷ್ಟು ತಗೋತಾರೆ ಎಂದು ಬರೆದರೂ ಸಾಕು.

- ಓದುಗ, ಸರಸ್ವತಿಪುರಂ, ಮೈಸೂರು