ಒಹಾಯೋದ ಮರಣಪತ್ರ ಮತ್ತು ನಮ್ಮ ಶಿರಸ್ತೇದಾರರು

ಸಲಿಂಗ ವಿವಾಹ ಎಲ್ಲ ರಾಜ್ಯಗಳಲ್ಲೂ ಹಕ್ಕು ಎಂದ ಅಮೆರಿಕ ಸುಪ್ರೀಂ ಕೋರ್ಟಿನ 2015ರ ಒಬರ್ಗಫೆಲ್ ತೀರ್ಪಿನ ಕನ್ನಡ ಅನುವಾದ ಕಡೆಗೂ ಅಚ್ಚಿಗೆ ಹೋಯಿತು. ಕರಡು ತಿದ್ದಿದ ಕಾನೂನು ವಿದ್ಯಾರ್ಥಿಗಳಿಗೆ, ಪುಟ ಕಟ್ಟಿದವರಿಗೆ, ಕಾಗದದ ಖರ್ಚು ಹೊತ್ತ ಗೆಳೆಯರಿಗೆ ದೊಡ್ಡ ನಮಸ್ಕಾರ. ಉಳಿದ ಮಾತೆಲ್ಲ ಶಿರಸ್ತೇದಾರರಿಗೆ.

ಕೋರ್ಟು ಕಚೇರಿಯಲ್ಲೇ ತಲೆ ನರೆಸಿಕೊಂಡು ನಿವೃತ್ತರಾದವರು. ಹೆಸರು ಹಾಕಬೇಡಿ ಎಂದರು, ಹಾಕಿಲ್ಲ. ಮೊದಲ ಕರಡು ನೋಡಿ ಅವರು ಕೇಳಿದ್ದು ಒಂದೇ: “ತತ್ವ ಎಲ್ಲಾ ಸರಿ ಕಣ್ರಪ್ಪಾ, ಅರ್ಜಿಯಲ್ಲಿ ಕೋರಿದ್ದೇನು?”

ಅರ್ಜಿದಾರ ಜೇಮ್ಸ್ ಒಬರ್ಗಫೆಲ್ ಕೋರಿದ್ದು ಮದುವೆಯಾಗಲು ಅನುಮತಿಯನ್ನಲ್ಲ. ಮದುವೆ ಆಗಿಹೋಗಿತ್ತು, 2013ರ ಜುಲೈ 11ರಂದು, ಮೇರಿಲ್ಯಾಂಡಿನಲ್ಲಿ ಇಳಿದು ನಿಂತ ವಿಮಾನದೊಳಗೇ. ಸಂಗಾತಿ ಜಾನ್ ಆರ್ಥರ್ ಎದ್ದು ಓಡಾಡುವ ಸ್ಥಿತಿಯಲ್ಲಿರಲಿಲ್ಲ. ಅವರ ಊರಿರುವ ಒಹಾಯೋ 2004ರಲ್ಲಿ ಜನಮತದಿಂದ ತನ್ನ ಸಂವಿಧಾನಕ್ಕೇ ಸಲಿಂಗ ವಿವಾಹದ ನಿಷೇಧ ಸೇರಿಸಿಕೊಂಡಿತ್ತು. ಕೋರಿಕೆ ಇಷ್ಟೇ: ಆರ್ಥರ್ ತೀರಿಕೊಂಡಾಗ ಮರಣ ಪ್ರಮಾಣಪತ್ರದಲ್ಲಿ ‘ವಿವಾಹಿತ’ ಎಂದು ಬರೆಯಿರಿ, ಬದುಕುಳಿದ ಸಂಗಾತಿಯ ಕಲಮಿನಲ್ಲಿ ನನ್ನ ಹೆಸರು ಹಾಕಿ.

ಅಲ್ಲಿಂದ ಇಡೀ ಅನುವಾದ ತಿದ್ದುಪಡಿಗೆ ಕೂತಿತು. ನಾವು ಎಲ್ಲ ಕಡೆ ‘ಮಾನ್ಯತೆ’ ಎಂದು ಬರೆದುಬಿಟ್ಟಿದ್ದೆವು. ಅವರು ಅದನ್ನು ಎರಡಾಗಿ ಸೀಳಿದರು: ರಾಜ್ಯ ತಾನೇ ಕೊಡುವ ಮದುವೆಯ ಪರವಾನಗಿ, ಬೇರೆ ರಾಜ್ಯದಲ್ಲಾದ ಮದುವೆಗೆ ಕೊಡುವ ಮಾನ್ಯತೆ. ಸುಪ್ರೀಂ ಕೋರ್ಟೂ ಹಾಗೇ ಸೀಳಿತ್ತು. 2015ರ ಏಪ್ರಿಲ್ 28ರಂದು ಮೊದಲನೆಯದಕ್ಕೆ 90 ನಿಮಿಷ, ಎರಡನೆಯದಕ್ಕೆ 60 ನಿಮಿಷ ವಾದಕ್ಕೆ ಗೊತ್ತುಮಾಡಿತ್ತು. ಇದು ಬರೀ ಪದದ ಜಗಳವಲ್ಲ. ಅಮೆರಿಕದ 2022ರ ವಿವಾಹ ಗೌರವ ಕಾಯ್ದೆ ಮಾನ್ಯತೆಯನ್ನಷ್ಟೇ ಕಾಯುತ್ತದೆ, ಪರವಾನಗಿ ಕೊಡಲೇಬೇಕೆಂದು ಯಾವ ರಾಜ್ಯಕ್ಕೂ ಹೇಳುವುದಿಲ್ಲ.

‘ಸ್ಟೇಟ್’ ಎಂದರೆ ಕೇಂದ್ರ, ರಾಜ್ಯ ಎಲ್ಲವೂ ಸೇರಿದ ಸರ್ಕಾರ ಎನ್ನುವ ನಮ್ಮ ಸಂವಿಧಾನದ 12ನೇ ವಿಧಿಯ ಅಭ್ಯಾಸಬಲದಿಂದ ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯ ‘ಸ್ಟೇಟ್’ಗೆ ‘ಪ್ರಭುತ್ವ’ ಎಂದು ಹಾಕಿದ್ದೆವು. ಅವರು ‘ರಾಜ್ಯ’ ಮಾಡಿಸಿದರು. 1868ರ ಆ ತಿದ್ದುಪಡಿ ಕೈಕಟ್ಟುವುದು ಒಂದೊಂದು ರಾಜ್ಯದ್ದು; ಜನರೇ ಮತ ಹಾಕಿ ಸೇರಿಸಿದ ನಿಷೇಧವೂ ಅದರ ಮುಂದೆ ನಿಲ್ಲಲಿಲ್ಲ. ‘ಪ್ರಭುತ್ವ’ ಎಂದರೆ ಮೊಕದ್ದಮೆಯ ಗಂಟೇ ಕಾಣುವುದಿಲ್ಲ.

ಅದೇ ಸುಪ್ರೀಂ ಕೋರ್ಟಿನ 2013ರ ವಿಂಡ್ಸರ್ ತೀರ್ಪು ರಾಜ್ಯಗಳ ನಿಷೇಧವನ್ನು ಹೊಡೆದುಹಾಕಿತು ಎಂದಿದ್ದ ನಮ್ಮ ಅಡಿಟಿಪ್ಪಣಿಯನ್ನೂ ಕಿತ್ತರು. ಅದು ಹೊಡೆದದ್ದು ಮದುವೆ ಎಂದರೆ ಗಂಡು-ಹೆಣ್ಣಿನದಷ್ಟೇ ಎಂಬ ಒಕ್ಕೂಟ ಸರ್ಕಾರದ ವ್ಯಾಖ್ಯೆಯನ್ನು. ಆಮೇಲೂ, 2014ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ ಆರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಒಹಾಯೋ, ಮಿಷಿಗನ್, ಕೆಂಟಕಿ, ಟೆನೆಸಿಗಳ ನಿಷೇಧವನ್ನು ಎತ್ತಿಹಿಡಿಯಿತು. ಸಲಿಂಗ ವಿವಾಹ ಕೋರಿದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದ 1972ರ ಬೇಕರ್ ಪ್ರಕರಣದ ಒಂದು ಸಾಲಿನ ಆದೇಶಕ್ಕೆ ತಾನು ಬದ್ಧ ಎಂದಿತು.

ಕೊನೆಯ ರಾತ್ರಿ ನಾವೆಲ್ಲ ಕೈಚೆಲ್ಲಿದ್ದೆವು. ನಾಲ್ಕು ಗಂಟೆಯವರೆಗೆ ಕೂತವರು ಅವರೊಬ್ಬರೇ. ಮರಣಪತ್ರದ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದವರು ನಿಲ್ಲಿಸಿದರು. ಕನ್ನಡಕ ತೆಗೆದರು. “ವಾರಸಾ ಅರ್ಜಿಯಲ್ಲಿ ಸಂಬಂಧ ‘ಸ್ನೇಹಿತ’ ಅಂತ ಬರೆದು ತಂದಿದ್ದ ಒಬ್ಬ. ಆಕ್ಷೇಪಣೆ ಬರೆದು ವಾಪಸ್ ಕೊಟ್ಟೆ. ನಿಯಮ ಸರಿಯಾಗೇ ಇತ್ತು. ಅವನು ಮತ್ತೆ ಬರಲಿಲ್ಲ.” ಯಾರೂ ಮಾತಾಡಲಿಲ್ಲ.

ಆಮೇಲೆ ಪೆನ್ಸಿಲ್ ತೆಗೆದುಕೊಂಡು, ಮುಂದಿನ ಪುಟದಲ್ಲಿ ‘ಭಿನ್ನಮತದ ತೀರ್ಪು ಒಂದು’ ಎಂದಿದ್ದುದನ್ನು ನಾಲ್ಕು ಮಾಡಿದರು. 5-4ರ ತೀರ್ಪು, ಒಪ್ಪದ ನ್ಯಾಯಮೂರ್ತಿಗಳಾದ ರಾಬರ್ಟ್ಸ್, ಸ್ಕಾಲಿಯಾ, ಥಾಮಸ್, ಅಲಿಟೊ ನಾಲ್ವರೂ ಬೇರೆಬೇರೆಯಾಗಿ ಬರೆದಿದ್ದಾರೆ.

ಅವರ ಕಟ್ಟಕಡೆಯ ತಿದ್ದುಪಡಿ ಬೆನ್ನುಡಿಯಲ್ಲಿದೆ. ‘ನಿಷೇಧಗಳು ಅಳಿಸಿಹೋದವು’ ಎಂದಿದ್ದುದು ‘ಜಾರಿಯಾಗದಂತಾದವು’ ಎಂದಾಯಿತು. ನೆವಾಡ 2020ರಲ್ಲಿ, ಕ್ಯಾಲಿಫೋರ್ನಿಯಾ, ಕೊಲೊರಾಡೊ, ಹವಾಯಿ 2024ರಲ್ಲಿ ಮತ ಹಾಕಿ ಆ ಸಾಲುಗಳನ್ನು ತೆಗೆದವು. ಎಷ್ಟೋ ರಾಜ್ಯಗಳ ಸಂವಿಧಾನದಲ್ಲಿ ಅವು ಇನ್ನೂ ಹಾಗೇ ಕೂತಿವೆ.